ಮಧ್ಯಂತರ ಜೀವನಾಂಶವೂ ಅಪೀಲಿನ ಧರ್ಮವೂ

ವ್ಯವಹಾರಕ್ಕೆ ನಾಲ್ಕು ಪಾದಗಳುಂಟೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ವಾದಿಯ ಅಭಿಯೋಗವನ್ನು ಬರೆದುಕೊಳ್ಳುವುದು ಮೊದಲನೆಯದು. ಪ್ರತಿವಾದಿಯ ಉತ್ತರವು ಎರಡನೆಯದು. ಸಾಕ್ಷಿ, ಲಿಖಿತ ಮೊದಲಾದ ಪ್ರಮಾಣಗಳನ್ನು ಮುಂದಿಡುವುದು ಮೂರನೆಯದು. ಸಾಧ್ಯವು ಸಿದ್ಧಿಸಿತೋ ಇಲ್ಲವೋ ಎಂಬ ನಿರ್ಣಯವು ನಾಲ್ಕನೆಯದು. ಹೀಗೆ ನಾಲ್ಕೂ ಪಾದಗಳನ್ನೂರಿ ನಿಂತ ತೀರ್ಪನ್ನು ಸೋತವನೂ ತಲೆಬಾಗಿ ಒಪ್ಪಬೇಕೆಂಬುದು ಯುಕ್ತವೇ ಸರಿ. ಆದರೆ ಈಗಿನ ಕುಟುಂಬವ್ಯಾಜ್ಯಗಳಲ್ಲಿ ಗಂಡಹೆಂಡಿರ ನಿತ್ಯದ ಬಾಳನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುವ ಆಜ್ಞೆಯು ಎರಡನೆಯ ಪಾದಕ್ಕೂ ಮೂರನೆಯ ಪಾದಕ್ಕೂ ನಡುವೆ ಹುಟ್ಟತಕ್ಕದ್ದು. ಅರ್ಜಿ ಬಂದಿದೆ, ತಕರಾರೂ ಬಂದಿದೆ, ಸಾಕ್ಷಿಯು ಇನ್ನೂ ಕಟಕಟೆಯನ್ನು ಹತ್ತಿಲ್ಲ. ಅಷ್ಟರಲ್ಲಿಯೇ, ವ್ಯಾಜ್ಯವು ಮುಗಿಯುವವರೆಗೆ ಹೆಂಡತಿಗೂ ಮಗುವಿಗೂ ತಿಂಗಳಿಗೆ ಇಷ್ಟು ಹಣವು ಸಲ್ಲತಕ್ಕದ್ದು, ಇಂತಹ ಮನೆಯನ್ನು ಪರಭಾರೆ ಮಾಡಕೂಡದು, ಇಂತಹ ಮನೆಯಿಂದ ಆಕೆಯನ್ನು ಹೊರಡಿಸಕೂಡದು ಎಂದು ನ್ಯಾಯಾಧೀಶರು ಅಪ್ಪಣೆ ಕೊಡಬೇಕಾಗುತ್ತದೆ. ಎರಡೇ ಕಾಲಿನ ಮೇಲೆ ನಿಂತಿರುವ ಇಂತಹ ಆಜ್ಞೆಯನ್ನು ಪ್ರಶ್ನಿಸಿ ಮೇಲಿನ ನ್ಯಾಯಾಸ್ಥಾನದ ಮೆಟ್ಟಿಲನ್ನು ಹತ್ತುವುದು ಧರ್ಮವೆ? ಹತ್ತದಂತೆ ಶಾಸನವು ಬಾಗಿಲನ್ನು ಮುಚ್ಚುವುದು ಧರ್ಮವೆ? ಇದು ವಕೀಲರ ಪ್ರಶ್ನೆಯೆಂದು ತೋರಬಹುದು. ವಿಚಾರಿಸಿ ನೋಡಿದರೆ ಇದು ಗೃಹಸ್ಥನ ಪ್ರಶ್ನೆ.

ಬೆಂಗಳೂರಿನಲ್ಲಿ ಈ ಆಜ್ಞೆಗಳು ಹುಟ್ಟುವ ಮುಖ್ಯ ಸ್ಥಳವು ಸಿದ್ಧಯ್ಯ ರಸ್ತೆಯಲ್ಲಿರುವ ನ್ಯಾಯದೇಗುಲವೆಂಬ ಕಟ್ಟಡ. ಬಸವನಗುಡಿಯವರಾಗಲಿ ಚಾಮರಾಜಪೇಟೆಯವರಾಗಲಿ ಮಲ್ಲೇಶ್ವರದವರಾಗಲಿ, ಮನೆಯೊಳಗೆ ತೀರದ ಜಗಳವನ್ನು ಹೊತ್ತುಕೊಂಡು ಕುಟುಂಬ ನ್ಯಾಯಾಲಯಕ್ಕೆಂದು ಅಲ್ಲಿಗೇ ಬರಬೇಕು. ದೇವರ ಮನೆಗೆ ಸಲ್ಲುವ ಹೆಸರನ್ನು ವ್ಯಾಜ್ಯದ ಮನೆಗೆ ಇಟ್ಟವರ ಆಶಯವೇನೋ ದೊಡ್ಡದು. ಬರುವವರ ಮುಖದಲ್ಲಿ ಮಾತ್ರ ದರ್ಶನಕ್ಕೆ ಬಂದವರ ಕಳೆಯು ಕಾಣುವುದು ಅಪರೂಪ. 1955ರ ಹಿಂದೂ ವಿವಾಹ ಶಾಸನದ 24ನೆಯ ಕಲಮಿನಂತೆ, ತನ್ನ ಪೋಷಣೆಗೆ ಸಾಕಾದಷ್ಟು ಸ್ವತಂತ್ರವಾದ ಆದಾಯವಿಲ್ಲದ ಹೆಂಡತಿಯು—ಗಂಡನೂ ಸಹ, ಇದನ್ನು ಬಹುಮಂದಿ ಮರೆಯುತ್ತಾರೆ—ವ್ಯಾಜ್ಯದ ಕಾಲದಲ್ಲಿ ಜೀವನಾಂಶವನ್ನೂ ವ್ಯಾಜ್ಯದ ಖರ್ಚನ್ನೂ ಕೇಳಬಹುದು. ನೋಟೀಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ಈ ಅರ್ಜಿಯನ್ನು ತೀರ್ಮಾನಿಸಬೇಕೆಂದು 2001ರಲ್ಲಿ ಮಾಡಿದ ತಿದ್ದುಪಡಿಯು ವಿಧಿಸಿತು. ಕೊಟ್ಟ ಆಜ್ಞೆಯು ಹಿಡಿಸದಿದ್ದರೆ? 1984ರ ಕುಟುಂಬ ನ್ಯಾಯಾಲಯಗಳ ಶಾಸನದ 19ನೆಯ ಕಲಮು ಹೈಕೋರ್ಟಿಗೆ ಅಪೀಲನ್ನು ಕೊಡುತ್ತದೆ. ಆದರೆ ಮಧ್ಯಂತರ ಸ್ವರೂಪದ ಆಜ್ಞೆಗಳನ್ನು ಅದರಿಂದ ಹೊರಗಿಟ್ಟಿದೆ. 24ನೆಯ ಕಲಮಿನ ಆಜ್ಞೆಯು ಈ ಹೊರಗಿಟ್ಟ ಜಾತಿಗೆ ಸೇರಿತೋ ಇಲ್ಲವೋ ಎಂಬಲ್ಲಿ ದೇಶದ ಹೈಕೋರ್ಟುಗಳೆಲ್ಲವೂ ಒಂದೇ ಮಾತನ್ನಾಡಿಲ್ಲ. ಅಪೀಲಿಲ್ಲವೆಂದಾದ ಕಡೆ ಸಂವಿಧಾನದ 227ನೆಯ ಅನುಚ್ಛೇದವನ್ನು ಹಿಡಿದು ಹೈಕೋರ್ಟಿನ ಮೇಲ್ವಿಚಾರಣಾಧಿಕಾರವನ್ನು ಬೇಡಬೇಕು. 1868ರಲ್ಲಿ ಮುಗಿದ ಅಠಾರಾ ಕಚೇರಿಯ ಆ ಕೆಂಪು ಕಂಬಗಳ ನಡುವೆ, ಕಾಳನ್ನೆಲ್ಲ ಮತ್ತೆ ಕೇರಿ ನೋಡುವ ರೂಢಿಯಿಲ್ಲ. ಕೆಳಗಿನವರು ತಮ್ಮ ಅಧಿಕಾರದ ಎಲ್ಲೆಯನ್ನು ಮೀರಿದರೆ, ಕಣ್ಣಿಗೆ ಕಾಣುವ ಅನ್ಯಾಯವಾಗಿದ್ದರೆ, ಆಗ ಮಾತ್ರ ಕೈಹಾಕುವುದು ವಾಡಿಕೆ.

ವಿಚಿತ್ರವೇನೆಂದರೆ, ಅದೇ ದಂಪತಿಗಳ ಅದೇ ಜಗಳವು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಶಾಸನದ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಬಂದರೆ ಕಥೆಯೇ ಬೇರೆ. ಅಲ್ಲಿ 23ನೆಯ ಕಲಮಿನಂತೆ ಮಧ್ಯಂತರಾಜ್ಞೆ ಸಿಕ್ಕುತ್ತದೆ. 29ನೆಯ ಕಲಮಿನಂತೆ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಅಪೀಲೂ ಉಂಟು. ಹಸಿವು ಒಂದೇ, ಮನೆ ಒಂದೇ, ಗಂಡಹೆಂಡಿರೂ ಅವರೇ. ಯಾವ ಬಾಗಿಲನ್ನು ತಟ್ಟಿದರೆಂಬುದರ ಮೇಲೆ ಮೇಲುನ್ಯಾಯವು ಇದೆ, ಇಲ್ಲ ಎಂದಾಗುತ್ತದೆ. ಇಂತಹ ಭೇದವು ಧರ್ಮದಿಂದ ಹುಟ್ಟಿದ್ದಲ್ಲ, ಬೇರೆಬೇರೆ ವರ್ಷಗಳಲ್ಲಿ ಬೇರೆಬೇರೆ ಕೈಗಳು ಶಾಸನವನ್ನು ಬರೆದುದರಿಂದ ಹುಟ್ಟಿದ್ದು. ಆದುದರಿಂದ ಶಾಸನದ ಕಲಮುಗಳನ್ನು ಎಷ್ಟು ಮಗುಚಿದರೂ ಮೂಲಪ್ರಶ್ನೆಗೆ ಉತ್ತರವು ದೊರೆಯದು. ಅದನ್ನು ಬೇರೆಡೆಯಲ್ಲಿ ಹುಡುಕಬೇಕು.

ಪ್ರತಿವಾದಿಯು ಉತ್ತರ ಕೊಡಲು ಕಾಲಾವಕಾಶವನ್ನು ಕೇಳಿದರೆ ಕೊಡಬೇಕೆ ಎಂಬ ಪ್ರಶ್ನೆಯನ್ನು ಸ್ಮೃತಿಕಾರನೂ ಎತ್ತಿದ್ದಾನೆ. ಸಾಮಾನ್ಯ ವಿವಾದಗಳಲ್ಲಿ ಸಭ್ಯರ ಇಚ್ಛೆಯಂತೆ ಕೊಡಬಹುದು. ಸಾಹಸ, ಕಳ್ಳತನ, ಪಾರುಷ್ಯ, ಅಭಿಶಾಪ, ಅತ್ಯಯ ಇವುಗಳಲ್ಲಿಯೂ, ಹಸುವಿನ ವಿಷಯದಲ್ಲಿಯೂ, ಸ್ತ್ರೀಯ ವಿಷಯದಲ್ಲಿಯೂ ಆ ಕೂಡಲೇ ವಾದಿಸಬೇಕು, ತಡಮಾಡಕೂಡದು ಎಂಬುದು ಅಲ್ಲಿಯ ವಿಧಿ. ಕೊಲೆಬಡಿತಗಳ ಸಾಲಿನಲ್ಲಿ ಹಸುವಿಗೇನು ಕೆಲಸ? ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಇಲ್ಲಿ ಹಸುವೆಂದರೆ ಕರೆಯುವ ಹಸುವೆಂದೇ ಅರ್ಥಮಾಡಿದ್ದಾನೆ. ಇದರ ಮರ್ಮವನ್ನು ಹಳ್ಳಿಯ ಯಾವ ಗೃಹಿಣಿಯಾದರೂ ಹೇಳಬಲ್ಲಳು. ಹೊಲದ ವ್ಯಾಜ್ಯವು ಮೂರು ವರ್ಷ ನಡೆದರೂ ಹೊಲವು ಅಲ್ಲಿಯೇ ಇರುತ್ತದೆ; ಹಸುವಿನ ವ್ಯಾಜ್ಯವು ಮೂರು ತಿಂಗಳು ನಡೆದರೆ ಹಸುವೇನೋ ಉಳಿದೀತು, ಹಾಲು ಹೋಯಿತು. ಗೆದ್ದವನಿಗೆ ಕಡೆಗೆ ದೊರೆಯುವುದು ಬತ್ತಿದ ಕೆಚ್ಚಲು. ವ್ಯಾಜ್ಯದ ಕಾಲವೇ ಯಾವ ವಸ್ತುವನ್ನು ತಿಂದುಹಾಕುತ್ತದೆಯೋ ಆ ವಸ್ತುವಿಗೆ ಬೇರೊಂದು ನಿಯಮವಿರಬೇಕೆಂಬ ಸೂಕ್ಷ್ಮವು ಇಲ್ಲಿದೆ. ಮಧ್ಯಂತರ ಜೀವನಾಂಶದ ತಾತ್ಪರ್ಯವೂ ಇಷ್ಟೇ.

ಇನ್ನು ಎದುರುಪಕ್ಷವನ್ನು ಕೇಳಬೇಕು; ಅದು ಹಗುರವಾದ ಪಕ್ಷವಲ್ಲ. ಅನ್ನದ ಪಾತ್ರೆಯಲ್ಲಿ ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯೆಲ್ಲ ಬೆಂದಿದೆಯೆಂದು ತಿಳಿಯುವುದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಹೆಸರು. ಮಧ್ಯಂತರಾಜ್ಞೆಯನ್ನು ಕೊಡುವ ನ್ಯಾಯಾಧೀಶರು ಮಾಡುವುದು ಇದನ್ನೇ. ಒಂದು ಸಂಬಳದ ಚೀಟಿ, ಒಂದು ಬ್ಯಾಂಕಿನ ಲೆಕ್ಕ, ಎರಡು ಕಡೆಯ ಪ್ರಮಾಣಪತ್ರಗಳು, ಇಷ್ಟನ್ನು ಹಿಸುಕಿ ನೋಡಿ ಇಡಿಯ ಸಂಸಾರದ ಪಾಕವನ್ನು ಊಹಿಸಬೇಕು. ಅನ್ನದ ವಿಷಯದಲ್ಲಿ ಈ ನ್ಯಾಯವು ಏಕೆ ಸಲ್ಲುತ್ತದೆ? ಒಂದೇ ಬೆಂಕಿಯ ಮೇಲೆ ಒಂದೇ ನೀರಿನಲ್ಲಿ ಅಗುಳುಗಳೆಲ್ಲವೂ ಬೇಯುವುದರಿಂದ ಸಲ್ಲುತ್ತದೆ. ಮನುಷ್ಯರ ಲೆಕ್ಕಪತ್ರಗಳು ಹಾಗೆ ಬೇಯುವುದಿಲ್ಲ. ಚಿಕ್ಕಪೇಟೆಯ ವರ್ತಕನೊಬ್ಬನ ಆದಾಯವು ಪುಸ್ತಕದಲ್ಲಿ ಒಂದು, ಪೆಟ್ಟಿಗೆಯಲ್ಲಿ ಇನ್ನೊಂದು ಆಗಿರಬಹುದು. ಆದಾಯವಿಲ್ಲವೆಂದು ಬರೆದುಕೊಟ್ಟ ಹೆಂಡತಿಗೂ ಉದ್ಯೋಗವಿರಬಹುದು. ಬೇಯದ ಅಗುಳು ಕೈಗೆ ಸಿಕ್ಕಿತೆಂದು ಪಾತ್ರೆಯನ್ನೇ ತಪ್ಪಾಗಿ ತಿಳಿದರೆ, ಆ ತಪ್ಪು ಒಂದೆರಡು ತಿಂಗಳಿಗೆ ಮುಗಿಯುವುದಿಲ್ಲ. ಮಧ್ಯಂತರವೆಂಬ ಶಬ್ದಕ್ಕೆ ನಡುವಿನ ಸ್ವಲ್ಪ ಕಾಲವೆಂದು ಅರ್ಥವಾದರೂ, ವಾಯಿದೆಯ ಮೇಲೆ ವಾಯಿದೆ ಬಿದ್ದು, ಆ ಸ್ವಲ್ಪ ಕಾಲವೇ ವರ್ಷಗಳಾಗಿ ಬೆಳೆಯುವುದನ್ನು ಎಲ್ಲರೂ ಬಲ್ಲರು. ಸಾಕ್ಷಿಯಿಲ್ಲದೆ ಹುಟ್ಟಿದ ಆಜ್ಞೆಯು ಡಿಕ್ರಿಗಿಂತ ಹೆಚ್ಚಾಗಿ ಬಾಳುವುದುಂಟು. ಅಂತಹ ಆಜ್ಞೆಗೆ ಮೇಲುನ್ಯಾಯವಿಲ್ಲವೆನ್ನುವುದು, ಎಡವಿದವನಿಗೆ ಏಳಲು ಅನುಮತಿಯಿಲ್ಲವೆಂದಂತೆ ಆಗದೆ?

ಈ ಆಕ್ಷೇಪಣೆಗೆ ಒಂದಂಶದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಪರಿಹಾರವನ್ನು ಹುಡುಕಿದೆ. 2020ರ ನವೆಂಬರ್ 4ರಂದು ಕೊಟ್ಟ ತೀರ್ಪಿನಲ್ಲಿ, ಎರಡು ಕಡೆಯವರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ವಿವರವಾದ ಪ್ರಮಾಣಪತ್ರದಲ್ಲಿ ಮೊದಲೇ ಬಹಿರಂಗಪಡಿಸಬೇಕೆಂದೂ, ಜೀವನಾಂಶವು ಅರ್ಜಿಯನ್ನು ಸಲ್ಲಿಸಿದ ದಿನದಿಂದಲೇ ಸಲ್ಲಬೇಕೆಂದೂ, ಬೇರೆಬೇರೆ ಶಾಸನಗಳಲ್ಲಿ ಬೇರೆಬೇರೆ ಆಜ್ಞೆಗಳಾಗಿದ್ದರೆ ಒಂದರ ಹಣವನ್ನು ಇನ್ನೊಂದರಲ್ಲಿ ಗಣನೆಗೆ ತೆಗೆದುಕೊಳ್ಳಬೇಕೆಂದೂ ವಿಧಿಸಿತು. ಹಿಸುಕಿ ನೋಡುವ ಅಗುಳುಗಳ ಸಂಖ್ಯೆಯು ಇದರಿಂದ ಹೆಚ್ಚಿತು. ಸುಳ್ಳು ಹೇಳುವವನ ನಾಲಗೆಯು ಮಾತ್ರ ನಮೂನೆಯನ್ನು ಬದಲಾಯಿಸಿದ ಮಾತ್ರಕ್ಕೆ ತಿದ್ದಿಹೋಗುವುದಿಲ್ಲ.

ಹೀಗಿರಲಾಗಿ ತಪ್ಪಾದ ಮಧ್ಯಂತರಾಜ್ಞೆಯೆಂಬುದು ಇದ್ದೇ ಇರುವುದೆಂದು ಒಪ್ಪಬೇಕು. ಒಪ್ಪಿದ ಮೇಲೆ ಕೇಳತಕ್ಕದ್ದು, ಯಾವ ತಪ್ಪನ್ನು ಮುಂದೆ ತಿದ್ದಬಹುದು, ಯಾವುದನ್ನು ತಿದ್ದಲಾಗದು ಎಂಬುದನ್ನು. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ 15,000 ರೂಪಾಯಿಯ ಮಧ್ಯಂತರ ಜೀವನಾಂಶವು ಗೊತ್ತಾಗಿ, ವ್ಯಾಜ್ಯವು ನಾಲ್ಕು ವರ್ಷ ನಡೆಯಿತು. ಒಟ್ಟು 7,20,000 ರೂಪಾಯಿ. ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯವಾದ ಮೊತ್ತವು 10,000 ಎಂದು ಕಂಡಿತು. ಗಂಡನು 2,40,000 ರೂಪಾಯಿಯನ್ನು ಹೆಚ್ಚಾಗಿ ಕೊಟ್ಟಂತಾಯಿತು. ಅದಲ್ಲ, ನ್ಯಾಯವಾದ ಮೊತ್ತವು 20,000 ಎಂದು ಕಂಡಿತೆನ್ನೋಣ. ಹೆಂಡತಿಗೆ ಅದೇ 2,40,000 ರೂಪಾಯಿ ಕಡಮೆಯಾಯಿತು. ಅಂಕಿಯು ಎರಡು ಕಡೆಯೂ ಸಮವೇ. ನಷ್ಟವು ಸಮವೆ? ಗಂಡನ ಹಣವು ಹಣವಾಗಿ ಹೋಯಿತು. ಅವನ ಸಾಲವೋ ಉಳಿತಾಯವೋ ಅಷ್ಟರಮಟ್ಟಿಗೆ ವ್ಯತ್ಯಾಸವಾಯಿತು. ಹೆಂಡತಿಗೆ ಕಡಮೆಯಾದ ಹಣವು ಹಣವಾಗಿ ಉಳಿದಿರಲಿಲ್ಲ. ಅದು ಮಗುವಿನ ಶಾಲೆಯ ಶುಲ್ಕವಾಗಿ, ತಾಯಿಯ ಔಷಧವಾಗಿ, ತವರಿನಲ್ಲಿ ಅಣ್ಣನ ಹಂಗಿಲ್ಲದೆ ಉಣ್ಣುವ ಊಟವಾಗಿ ಆಗಬೇಕಾಗಿತ್ತು. ಐದನೆಯ ತರಗತಿಯ ಶುಲ್ಕವನ್ನು ಮಗುವು ಒಂಬತ್ತನೆಯ ತರಗತಿಯ ವಯಸ್ಸಿಗೆ ಬಂದಾಗ ಬಡ್ಡಿಸಹಿತವಾಗಿ ಎಣಿಸಿಕೊಟ್ಟರೂ ಆ ನಾಲ್ಕು ವರ್ಷಗಳನ್ನು ಯಾವ ಅಮಲ್ಜಾರಿಯೂ ಹಿಂದಕ್ಕೆ ತರಲಾರದು. ಕೆಲವು ಗಂಡಂದಿರ ವಿಷಯದಲ್ಲಿ ಇದಕ್ಕೆ ಪ್ರತಿಯಾಗಿ ಹೇಳಬೇಕಾದುದೂ ಉಂಟು. ದಿನಗೂಲಿಯವನೊಬ್ಬನಿಂದ ಅವನ ಶಕ್ತಿಗೆ ಮೀರಿದ ಮೊತ್ತವನ್ನು ಕೀಳಿಸಿದರೆ ಅವನ ಅನ್ನವೂ ಅನ್ನವೇ. ಬಾಕಿಯಾದರೆ ಕಾರಾಗೃಹವಾಸವೂ ಇದೆ. ಅವನ ಅಪೀಲು ಹಸಿದವನ ಅಪೀಲೇ ಆಗುತ್ತದೆ, ಅದಕ್ಕೆ ಬಾಗಿಲನ್ನು ಮುಚ್ಚುವುದು ತಕ್ಕದ್ದಲ್ಲ.

ಆದುದರಿಂದ ಅಪೀಲು ಬೇರೆ, ತಡೆಯಾಜ್ಞೆ ಬೇರೆ ಎಂಬ ವಿವೇಕವು ಇಲ್ಲಿ ಮುಖ್ಯ. ಲೋಕದಲ್ಲಿ ಇವೆರಡನ್ನೂ ಒಂದೇ ಎಂದು ಭಾವಿಸುವವರೇ ಹೆಚ್ಚು: ಮೇಲಕ್ಕೆ ಹೋಗಿದೆ, ಇನ್ನು ಕೊಡಬೇಕಾದುದಿಲ್ಲ, ಎಂದು ಹೇಳಿಕೊಳ್ಳುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶದ 5ನೆಯ ನಿಯಮವು ಇದನ್ನು ಒಪ್ಪುವುದಿಲ್ಲ. ಅಪೀಲನ್ನು ಸಲ್ಲಿಸಿದ ಮಾತ್ರದಿಂದ ಕೆಳಗಿನ ಆಜ್ಞೆಯು ನಿಲ್ಲದು, ಮೇಲಿನ ನ್ಯಾಯಾಲಯವು ಕಾರಣವನ್ನು ಕಂಡು ಬೇರೆಯಾಗಿ ತಡೆಯಬೇಕು. ತಿಂಗಳ ಹಣವನ್ನು ಮೊದಲ ವಾರದಲ್ಲಿಯೇ ಕಳುಹಿಸುತ್ತ, ಮೊತ್ತವು ಹೆಚ್ಚಾಯಿತೆಂದು ಮೇಲೆ ವಾದಿಸುವವನು ಸತ್ಯವನ್ನು ಹುಡುಕುತ್ತಿದ್ದಾನೆ. ಕೊಡದೆ ಇರುವುದಕ್ಕಾಗಿ ವಾದಿಸುವವನು ಕಾಲವನ್ನು ಕೊಳ್ಳುತ್ತಿದ್ದಾನೆ. ಹೆಂಡತಿಯ ಹಸಿವು ಅವನು ಕೊಡುವ ಬೆಲೆ. ಮನವಿಪತ್ರದ ಒಕ್ಕಣೆಯಲ್ಲಿ ಇಬ್ಬರಿಗೂ ಭೇದವಿರುವುದಿಲ್ಲ, ಬ್ಯಾಂಕಿನ ಲೆಕ್ಕದಲ್ಲಿ ಇರುತ್ತದೆ. ಯಾಜ್ಞವಲ್ಕ್ಯನು ಎರಡನ್ನೂ ಬಲ್ಲವನಾಗಿದ್ದನೆಂದು ತೋರುತ್ತದೆ. ಕೆಟ್ಟದಾಗಿ ನೋಡಿದ ವ್ಯವಹಾರವನ್ನು ರಾಜನು ಮತ್ತೆ ನೋಡಬೇಕು, ಹಾಗೆ ನೋಡಿದ ಸಭ್ಯರಿಗೂ ದಂಡವಿದೆ ಎಂದು ಒಂದೆಡೆ ವಿಧಿಸಿ, ಅದರ ಬೆನ್ನಿನಲ್ಲಿಯೇ, ನ್ಯಾಯವಾಗಿ ಸೋತಿದ್ದರೂ ತಾನು ಸೋಲಲಿಲ್ಲವೆಂದು ಮತ್ತೆ ಬಂದವನು ಮತ್ತೆ ಸೋತರೆ ಇಮ್ಮಡಿ ದಂಡವೆಂದನು. ಬಾಗಿಲು ತೆರೆದಿದೆ, ಹೊಸ್ತಿಲಿಗೆ ಮಾತ್ರ ಬೆಲೆಯುಂಟು. ಈಗಿನ ನ್ಯಾಯಾಲಯಗಳು ತಡೆಯಾಜ್ಞೆಗೆ ಮುಂಚೆ ಬಾಕಿಯ ಒಂದು ಭಾಗವನ್ನು ಠೇವಣಿಯಿಡಿಸುವ ರೂಢಿಯು ಇದೇ ಹೊಸ್ತಿಲಿನ ಇನ್ನೊಂದು ರೂಪ. ಆ ಠೇವಣಿಯು ನ್ಯಾಯಾಲಯದ ಖಾತೆಯಲ್ಲಿಯೇ ಮಲಗಿರದೆ ಹೆಂಡತಿಯ ಕೈಗೆ ಮುಟ್ಟಿದರೆ ಒಳ್ಳೆಯದು.

ಆಸ್ತಿಯ ವಿಷಯಕ್ಕೆ ಬಂದಾಗ ತಕ್ಕಡಿಯು ಬೇರೆಯಾಗಿ ತೂಗುತ್ತದೆ. ಹಣವು ಹೋದರೆ ಹಣದಿಂದ ತುಂಬಬಹುದು. ಬಸವನಗುಡಿಯ ಹಳೆಯ ಮನೆಯೊಂದು ಹೋದರೆ ತುಂಬುವುದು ಯಾವುದರಿಂದ? ಜಗಲಿ, ಹಜಾರ, ಹಿತ್ತಲಿನ ತೆಂಗಿನ ಮರಗಳು ಇವುಗಳೊಡನೆ ನಿಂತ ಮನೆಯು ಇಂದು ನೋಂದಣಿಯಾದರೆ ಆರು ತಿಂಗಳೊಳಗೆ ಅಲ್ಲಿ ಅಡಿಪಾಯದ ಗುಂಡಿಯಿರುತ್ತದೆ. ಅಪೀಲಿನಲ್ಲಿ ಗೆದ್ದವರಿಗೆ ಗುಂಡಿಯನ್ನು ಕೊಡಲಾದೀತೆ? ಅದಕ್ಕಾಗಿಯೇ ಸಾಮಾನ್ಯ ಸಿವಿಲ್ ವ್ಯಾಜ್ಯಗಳಲ್ಲಿ ತಾತ್ಕಾಲಿಕ ಪ್ರತಿಬಂಧಕಾಜ್ಞೆಯನ್ನು ಕೊಟ್ಟರೂ ನಿರಾಕರಿಸಿದರೂ ಸಂಹಿತೆಯ 43ನೆಯ ಆದೇಶದಂತೆ ಅಪೀಲಿದೆ. 1882ರ ಸ್ವತ್ತು ವರ್ಗಾವಣೆ ಶಾಸನದ 39ನೆಯ ಕಲಮಿನಲ್ಲಿ ಇನ್ನೊಂದು ರಕ್ಷೆಯುಂಟು. ಸ್ಥಿರಸ್ವತ್ತಿನ ಉತ್ಪನ್ನದಿಂದ ಜೀವನಾಂಶವನ್ನು ಪಡೆಯುವ ಹಕ್ಕು ಒಬ್ಬರಿಗಿದ್ದು, ಆ ಸ್ವತ್ತು ಪರರಿಗೆ ಹೋದರೆ, ಹಕ್ಕನ್ನು ತಿಳಿದು ಕೊಂಡವನ ಮೇಲೂ, ಬೆಲೆಕೊಡದೆ ದಾನವಾಗಿ ಪಡೆದವನ ಮೇಲೂ ಆ ಹಕ್ಕು ನಡೆಯುತ್ತದೆ. ಕುಟುಂಬಕ್ಕೆ ವಿರೋಧವಾಗದಂತೆ ಮಾತ್ರ ತನ್ನ ಸ್ವತ್ತನ್ನು ದಾನಮಾಡಬಹುದೆಂಬ ಸ್ಮೃತಿಯ ವಿಧಿಗೂ ಇದಕ್ಕೂ ಇರುವ ಸಾದೃಶ್ಯವು ಗಮನಾರ್ಹ. ಮೈಸೂರು ಸೀಮೆಗೆ ಇಂತಹ ವಿಚಾರಗಳು ಹೊಸವಲ್ಲ; ಅವಿಭಕ್ತ ಕುಟುಂಬದ ಆಸ್ತಿಯ ವಿಭಾಗದಲ್ಲಿ ತಾಯಿ, ಅವಿವಾಹಿತ ಹೆಣ್ಣುಮಕ್ಕಳು, ವಿಧವೆಯರು ಮೊದಲಾದವರಿಗೂ ಪಾಲುಂಟೆಂದು ಇಲ್ಲಿಯ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು 1933ರಲ್ಲಿಯೇ ವಿಧಿಸಿತ್ತು.

ವೃದ್ಧರಾದ ತಂದೆತಾಯಿಗಳು, ಸಾಧ್ವಿಯಾದ ಹೆಂಡತಿ, ಎಳೆಯ ಮಗು ಇವರನ್ನು ಎಷ್ಟು ಅಕಾರ್ಯಗಳನ್ನು ಮಾಡಿಯಾದರೂ ಸಾಕಬೇಕೆಂದು ಮನುವಿನ ಹೆಸರಿನಲ್ಲಿ ಒಂದು ಮಾತುಂಟು. ಅಕಾರ್ಯಗಳ ಮಾತು ಹಾಗಿರಲಿ. ಮೂವರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಹೊಣೆಯನ್ನು ಒಬ್ಬನ ತಲೆಯ ಮೇಲೆ ಹೊರಿಸಿರುವುದು ಅದರ ಸಾರ. ಈಗಿನ ಶಾಸನಗಳು ಈ ಮೂವರಿಗೂ ರಕ್ಷೆಯನ್ನು ಕೊಟ್ಟಿವೆ, ಆದರೆ ಬೇರೆಬೇರೆ ಕೊಠಡಿಗಳಲ್ಲಿ. ಹೆಂಡತಿಗೆ 2005ರ ಶಾಸನದಲ್ಲಿ ಕೂಡಿಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು. ತಂದೆತಾಯಿಗಳಿಗೆ 2007ರ ಹಿರಿಯ ನಾಗರಿಕರ ಶಾಸನದಲ್ಲಿ ಪೋಷಣೆ ಮತ್ತು ಸಂಕ್ಷಿಪ್ತ ವಿಚಾರಣೆಯ ಪರಿಹಾರ. ಅಪೀಲಿನ ಹಕ್ಕನ್ನಂತೂ ಈ ಎರಡನೆಯ ಶಾಸನದ 16ನೆಯ ಕಲಮು ಹಿರಿಯ ನಾಗರಿಕರ ಮತ್ತು ತಂದೆತಾಯಿಗಳ ಹೆಸರಿನಲ್ಲಿಯೇ ಹೇಳಿದೆ. ಒಂದೇ ಮನೆಯೊಳಗೆ ಈ ಎರಡು ಹಕ್ಕುಗಳು ಎದುರೆದುರಾದರೆ ಏನಾಗಬೇಕು?

ಬೆಂಗಳೂರು ನಗರ ಜಿಲ್ಲೆಯಲ್ಲಿಯೇ ಇದು ನಡೆಯಿತು. ಮದುವೆಗೆ ಮುಂಚೆ ವರನು ಒಂದು ಸ್ವತ್ತನ್ನು ಕೊಂಡಿದ್ದನು. ಮುಂದೆ ಅದನ್ನು ತನ್ನ ತಂದೆಗೆ ಮಾರಿದನು. ತಂದೆಯು ಅದನ್ನು ತನ್ನ ಹೆಂಡತಿಗೆ, ಎಂದರೆ ವರನ ತಾಯಿಗೆ, ದಾನಪತ್ರದಿಂದ ಕೊಟ್ಟನು. ದಾಂಪತ್ಯವು ಒಡೆದ ಮೇಲೆ ಆ ಮನೆಯಲ್ಲಿದ್ದ ಸೊಸೆಯನ್ನು ಬಿಡಿಸಬೇಕೆಂದು ಅತ್ತೆಮಾವಂದಿರು 2007ರ ಶಾಸನದಂತೆ ಕಂದಾಯಾಧಿಕಾರಿಗಳ ಮುಂದೆ ಅರ್ಜಿಯನ್ನಿತ್ತರು. ಮನೆಯನ್ನು ಬಿಡಬೇಕೆಂದು ಆಜ್ಞೆಯಾಯಿತು. ಹೈಕೋರ್ಟಿನ ವಿಭಾಗಪೀಠವು 2019ರಲ್ಲಿ ಅದನ್ನು ಎತ್ತಿಹಿಡಿಯಿತು. ಇಲ್ಲಿ ವಿಚಾರಿಸಬೇಕಾದುದು ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದನ್ನಲ್ಲ. ಅದನ್ನು ಹೊರಗಿನವರು ಅರಿಯರು. ಮುದುಕರಿಗೆ ತಮ್ಮ ಮನೆಯಲ್ಲಿ ನೆಮ್ಮದಿಯು ಬೇಕು, ಸೊಸೆಗೆ ತಲೆಯ ಮೇಲೆ ಸೂರು ಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಇಬ್ಬರನ್ನೂ ಸಾಕಬೇಕಾದ ಮೂರನೆಯವನೊಬ್ಬನಿದ್ದಾನಷ್ಟೆ. ಮನೆಯು ಅವನ ಹೆಸರಿನಿಂದ ಜಾರಿದೊಡನೆ ಮೊಕದ್ದಮೆಯ ನಡುವಿನಿಂದ ಅವನೂ ಜಾರಿದಂತಾಯಿತು, ಹಕ್ಕುಳ್ಳವರಿಬ್ಬರೇ ಒಬ್ಬರಿಗೊಬ್ಬರು ಎದುರಾಳಿಗಳಾಗಿ ಉಳಿದರು. ಇಂತಹ ಸ್ಥಳದಲ್ಲಿ ಮೇಲಿನ ಮೆಟ್ಟಿಲು ಇಲ್ಲದೆ ಹೋಗಿದ್ದರೆ, ಸಾಕ್ಷಿಗಳ ಪೂರ್ಣ ವಿಚಾರಣೆಯಿಲ್ಲದ ಸಂಕ್ಷಿಪ್ತಾಜ್ಞೆಯೊಂದು ಆಕೆಯ ಹಕ್ಕಿನ ಪ್ರಶ್ನೆಯನ್ನು ಕೇಳುವ ಮುನ್ನವೇ ತೀರಿಸಿಬಿಡುತ್ತಿತ್ತು. ಜೀವನಾಂಶದಲ್ಲಿ ಅಪೀಲಿನ ಹೆಸರಿನಿಂದ ಹಸಿವು ಬೆಳೆಯುವುದಾದರೆ, ವಾಸದ ಮನೆಯ ವಿಷಯದಲ್ಲಿ ಅಪೀಲಿಲ್ಲದಿರುವುದರಿಂದಲೇ ಬೀದಿಯು ಪ್ರಾಪ್ತವಾಗುತ್ತದೆ. ಒಂದೇ ಕಲಮಿನಿಂದ ಎರಡನ್ನೂ ಅಳೆಯಹೊರಟವರು ಈ ವ್ಯತ್ಯಾಸವನ್ನು ಕಾಣದೆ ಹೋಗುತ್ತಾರೆ.

ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಡಿಸೆಂಬರ್ 15ರಂದು ಆ ಆಜ್ಞೆಯನ್ನು ರದ್ದುಪಡಿಸಿತು. ಹಿರಿಯರ ರಕ್ಷಣೆಗೆ ಮಾಡಿದ ಸಂಕ್ಷಿಪ್ತ ವಿಧಿಯು ಕೂಡಿಬಾಳಿದ ಮನೆಯಲ್ಲಿ ಹೆಣ್ಣಿಗಿರುವ ವಾಸದ ಹಕ್ಕನ್ನು ಎಲ್ಲ ಸಂದರ್ಭಗಳಲ್ಲಿಯೂ ಮೀರಲಾರದು, ಎರಡು ಶಾಸನಗಳನ್ನೂ ಒಂದಕ್ಕೊಂದು ಹೊಂದಿಸಿ ಓದಬೇಕು ಎಂದಿತು. ಆದರೆ ಮನೆಯು ಸೊಸೆಯದೆಂದು ಅದು ಹೇಳಲಿಲ್ಲ, ಅತ್ತೆಯದಲ್ಲವೆಂದೂ ಹೇಳಲಿಲ್ಲ. 2005ರ ಶಾಸನದಂತೆ ತಕ್ಕ ನ್ಯಾಯಾಲಯವನ್ನು ಸೇರಿ ಪರಿಹಾರವನ್ನು ಕೇಳಿಕೊಳ್ಳುವುದಕ್ಕೆ ಆಕೆಗೆ ಅವಕಾಶವನ್ನಿತ್ತು, ಅಷ್ಟರವರೆಗೆ ಬಲಾತ್ಕಾರದಿಂದ ಆಕೆಯನ್ನು ಹೊರಡಿಸಕೂಡದೆಂದೂ, ಮನೆಯನ್ನು ಪರರಿಗೆ ವಿಲೇವಾರಿ ಮಾಡಕೂಡದೆಂದೂ ಒಂದು ವರ್ಷದ ಮಟ್ಟಿಗೆ ಮತ್ತೊಂದು ತಾತ್ಕಾಲಿಕಾಜ್ಞೆಯನ್ನು ಕೊಟ್ಟಿತು.